ಸಾಣಿಗೆ ಮೈಯ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಆಟ ಆಡುವ ಕಂಪ್ಯೂಟರ್. ಗಾಜಿನ ಮೈ, ಬಣ್ಣದ ದೀಪ ಹೊತ್ತು ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಜಾತಿ ನನ್ನದಲ್ಲ. ಗದಗ-ಬೆಟಗೇರಿಯ ಒಂದು ತಗಡಿನ ಅಂಗಡಿಯಲ್ಲಿ, ಹಿಟ್ಟಿನ ಡಬ್ಬಿ, ಟ್ರಂಕು, ಬಕೆಟ್ಟುಗಳ ನಡುವೆ ಕಣ್ಣು ಬಿಟ್ಟವನು ನಾನು. ಒಂದೇ ಸಲ ಹುಟ್ಟಿದವನೂ ಅಲ್ಲ.

ನನ್ನ ಮಿದುಳು, ಅಂದರೆ ಪ್ರೊಸೆಸರ್ ಮತ್ತು ಅದನ್ನು ಹೊತ್ತ ಮದರ್‌ಬೋರ್ಡ್, ಏಳು ವರ್ಷ ಒಂದು ಕಚೇರಿಯಲ್ಲಿ ದುಡಿದಿತ್ತು. ಬಿಸಿಲಲ್ಲಿ ಸಾಲು ನಿಂತವರು ಕೇಳಿದ ಕಾಗದವನ್ನು ಅದು ರೆಪ್ಪೆ ಬಡಿಯುವಷ್ಟರಲ್ಲಿ ಹುಡುಕಿ ಕೊಡುತ್ತಿತ್ತು. ಆದರೂ ಮೇಜಿನ ಆಚೆಯಿಂದ ಹೊರಡುತ್ತಿದ್ದ ಮಾತು "ನಾಳೆ ಬಾ" ಎಂಬುದೇ. ತಪ್ಪು ಮಾತ್ರ "ಸಿಸ್ಟಂ ಸ್ಲೋ ಐತಿ" ಎಂದು ನನ್ನ ತಲೆಗೆ. ಕೊನೆಗೆ ಆ ಸುಳ್ಳನ್ನೇ ನಿಜ ಮಾಡಿ ಹಳತಾಯಿತೆಂದು ಹೊರಗೆ ಎಸೆದರು. ನನ್ನ ಗ್ರಾಫಿಕ್ಸ್ ಕಾರ್ಡ್, ಪರದೆಯ ಮೇಲೆ ಚಿತ್ರ ಮೂಡಿಸುವ ಅಂಗ, ಮದುವೆ ವಿಡಿಯೊ ಮಾಡುವ ಸ್ಟುಡಿಯೊದಲ್ಲಿತ್ತು. ಸಾವಿರ ಮದುಮಕ್ಕಳ ಮೇಲೆ ಸುಳ್ಳು ಹೂಮಳೆ ಸುರಿಸಿ ಅದೂ ಬೇಡವಾಯಿತು. ಇಬ್ಬರೂ ಬಂದು ಬಿದ್ದದ್ದು ಗೌಸಜ್ಜನ ಗುಜರಿಯಲ್ಲಿ. ಕೆಟ್ಟವೆಂದು ಅಲ್ಲಿಗೆ ಬಂದವು ಕಡಿಮೆ. ಸಾಕೆನಿಸಿಕೊಂಡು ಬಂದವೇ ಹೆಚ್ಚು. ಮನುಷ್ಯರನ್ನೂ ಹಾಗೆಯೇ ಎಸೆಯುವುದನ್ನು ಆಮೇಲೆ ಕಂಡೆ.

ಅಲ್ಲಿಂದ ನಮ್ಮನ್ನು ಎತ್ತಿಕೊಂಡವಳು ಹುಲಿಗೆವ್ವ. ಇಪ್ಪತ್ತರ ಹುಡುಗಿ. ತಗಡಿನ ಮೈಲಾರಪ್ಪನ ಒಬ್ಬಳೇ ಮಗಳು.

ಊರಿನ ಹೊಸ ಬಡಾವಣೆಯಲ್ಲಿ ಪ್ರವೀಣ್ ಸರ್ ಎಂಬವನದೊಂದು ಗೇಮಿಂಗ್ ಹಾಲ್ ಇತ್ತು. ಅವಳು ಅಲ್ಲಿ ಕಸ ಹೊಡೆಯುತ್ತಿದ್ದಳು. ಬೆಳಿಗ್ಗೆ ಹಾಲ್ ತೆರೆಯುವ ಮುಂಚೆ ನೆಲ ಒರೆಸಿ, ಹದಿನೈದು ಮಷಿನ್ನುಗಳ ಧೂಳು ಹೊಡೆದು, ಒಂದೊಂದನ್ನೂ ಚಾಲೂ ಮಾಡಿ ನೋಡುವುದು ಅವಳ ಕೆಲಸ. ಚಾಲೂ ಆಗಿದೆಯೋ ಇಲ್ಲವೋ ತಿಳಿಯಲು ಒಂದು ಕಾರ್ ರೇಸ್ ಓಡಿಸಿ ನೋಡುವಳು. ಒಂದು ಎರಡಾಯಿತು, ಎರಡು ಹತ್ತಾಯಿತು. ಕೈ ಪಳಗಿತು. ಒಂದು ದಿನ ಮೆಂಬರುಗಳೆಲ್ಲ ಪರದೆಯಲ್ಲಿ ದಾಖಲೆಯ ಪಟ್ಟಿ ತೆಗೆದು ನೋಡುತ್ತಾರೆ, ಎಲ್ಲರ ತಲೆಯ ಮೇಲೆ ಕೂತಿದೆ ಒಂದು ಹೆಸರು: ಹುಲಿಗಿ.

ಯಾರಪ್ಪ ಈ ಹುಲಿಗಿ ಎಂದು ಎರಡು ದಿನ ಹುಡುಕಿದರು. ಕೊನೆಗೆ ಕಸಬರಿಗೆ ಹಿಡಿದು ನಿಂತವಳೇ "ನಾನರೀ" ಅಂದಳು. ಅವತ್ತೇ ಕೆಲಸ ಹೋಯಿತು. ಕದ್ದದ್ದಕ್ಕಲ್ಲ, ಮುರಿದದ್ದಕ್ಕಲ್ಲ. ಗೆದ್ದದ್ದಕ್ಕೆ.

ಆ ಸಲದ ಬೇಸಿಗೆಯಲ್ಲಿ ಹಾಲಿನಲ್ಲಿ ಜಿಲ್ಲಾ ರೇಸ್ ಪಂದ್ಯ ಇಟ್ಟಿದ್ದರು. ಹುಲಿಗೆವ್ವ ಹೋಗಿ ಹೆಸರು ಬರೆದುಕೊಳ್ಳಿರೆಂದು ಕೇಳಿದಳು.

"ನಮ್ಮ ಮಷಿನ್ ಮೆಂಬರಿಗಷ್ಟ" ಎಂದ ಪ್ರವೀಣ್ ಸರ್. "ಆಡೂದ ಐತಿ ಅಂದ್ರ ನಿಮ್ಮನಿಯಿಂದ ನಿಂದ ಮಷಿನ್ ಹೊತ್ಕೊಂಡ ಬಾ." ಸುತ್ತ ಇದ್ದವರು ನಕ್ಕರು.

"ಹಂಗಾರ ಅದನ್ನ ಬರಕೋರಿ. ಹೆಸರು ಹುಲಿಗೆವ್ವ, ಮಷಿನ್ ಸ್ವಂತದ್ದು."

ಅಣಕವನ್ನು ನಿಯಮ ಮಾಡಿಕೊಂಡು ಬಂದಳು. ಇನ್ನು ಉಳಿದದ್ದು ಒಂದೇ ತಿಂಗಳು. ಅಷ್ಟರೊಳಗೆ ನಾನು ಹುಟ್ಟಬೇಕು, ಇಲ್ಲವಾದರೆ ಅವಳು ಆ ಬಾಗಿಲ ಹೊರಗೇ ಉಳಿಯಬೇಕು.

ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತಳು. ಗೌಸಜ್ಜನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಜೋಳದ ಹಿಟ್ಟಿಗೆ ಕಾಳು ಆರಿಸಿದಂತೆ ನನ್ನ ಅಂಗಗಳನ್ನು ಆರಿಸಿದಳು.

"ಕರೆಂಟಿನ ಡಬ್ಬಿನೂ ಹಳೇದ ಒಯ್ಯವಾ, ಅದರ ರೊಕ್ಕ ಬಿಟ್ಟ ಬಿಡ್ತೀನಿ" ಎಂದ ಗೌಸಜ್ಜ.

"ಬ್ಯಾಡಜ್ಜ. ಮೈಯೆಲ್ಲಾ ಹಳೇದ ಇರ್ಲಿ, ಗುಂಡಿಗಿ ಒಂದು ಹೊಸಾದ ಬೇಕು. ಅದ ಕೆಟ್ರ ಎಲ್ಲಾರ್ನೂ ಕರಕೊಂಡ ಹೊಕ್ಕೈತಿ."

ನನಗೆ ಕರೆಂಟು ಹಂಚುವ ಪವರ್ ಸಪ್ಲೈ ಒಂದೇ ಹೊಸದು. ಅದಕ್ಕಾಗಿ ಅವಳು ಕಿವಿಯ ಬೆಂಡೋಲೆ ಬಿಚ್ಚಿದಳು. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ನಾನೂ ಹಿಗ್ಗಿಸಿ ಹೇಳುವುದಿಲ್ಲ. ಪರದೆ ಸ್ಟುಡಿಯೊದವರ ಹಳೆಯ ಚೌಕ ಪರದೆ. ಒಂದು ಮೂಲೆಯಲ್ಲಿ ಹಸಿರು ಗೆರೆ ಎದ್ದಿತ್ತು.

ಮೈಯೊಂದು ಬೇಕಿತ್ತು. ಕ್ಯಾಬಿನೆಟ್ಟಿಗೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಹುಲಿಗೆವ್ವ ನೋಟ್‌ಬುಕ್ಕಿನ ಹಾಳೆಯಲ್ಲಿ ಚಿತ್ರ ಬರೆದು ಅಪ್ಪನ ಮುಂದಿಟ್ಟಳು. ಮೈಲಾರಪ್ಪ ಅದನ್ನು ತಿರುಗಿಸಿ, ಮುರುಗಿಸಿ ನೋಡಿದ. ಗೇಣಿನಲ್ಲಿ ನನ್ನ ಮದರ್‌ಬೋರ್ಡನ್ನು ಅಳೆದ.

ಆ ಕೈಗಳನ್ನು ಏನೆಂದು ಹೊಗಳಲಿ! ನಲವತ್ತು ವರ್ಷ ತಗಡು ಕತ್ತರಿಸಿದ ಕೈ. ಸ್ಕೇಲಿಲ್ಲ, ಮೆಷಿನ್ನಿಲ್ಲ. ಅಂಚು ಮಡಚಿದರೆ ರೇಷ್ಮೆಯ ಮಡಿಕೆ, ಬೆಸುಗೆ ಎಳೆದರೆ ಕೂದಲೆಳೆಯ ಗೆರೆ. ಇಂಥ ಕೈಗಳನ್ನು ಈ ದೇಶ ಕೂಲಿ ಎಂದು ಕರೆಯುತ್ತದೆ. ಸಹಿ ಹಾಕುವುದಷ್ಟೇ ಬಲ್ಲ ಕೈಗಳನ್ನು ಸಾಹೇಬ ಎನ್ನುತ್ತದೆ. ನಾನು ಎರಡೂ ಬಗೆಯ ಕೈಗಳ ಕೆಳಗೆ ಬಾಳಿದವನು. ಸಾಕ್ಷಿ ಹೇಳಬಲ್ಲೆ: ಸಾಹೇಬ ಯಾರೆಂದು ನನಗೆ ಗೊತ್ತು.

ಚಿತ್ರದಲ್ಲಿ ಮಗಳು ಎರಡು ದುಂಡು ತೂತು ಬರೆದಿದ್ದಳು. ಒಂದು ಗಾಳಿ ಒಳಗೆ ಬರಲು, ಒಂದು ಹೊರಗೆ ಹೋಗಲು. ಮೈಲಾರಪ್ಪ ಅವು ಫ್ಯಾನು ಕೂರಿಸುವ ಗುರುತೆಂದುಕೊಂಡ. ಫ್ಯಾನುಗಳನ್ನು ಒಳಗೇ ಭದ್ರವಾಗಿ ಕೂರಿಸಿ ತಗಡನ್ನು ಅಖಂಡ ಬಿಟ್ಟ. ವೈರು ಹೊರಬರುವ ಕಿಂಡಿಗೂ ರಬ್ಬರ್ ಪಟ್ಟಿ ಬಿಗಿದ. ಡಬ್ಬಿ ಮಾಡುವವನ ಮಾನ ಇರುವುದೇ ಅದರಲ್ಲಿ. ಅವನ ಡಬ್ಬಿಯ ಜೋಳಕ್ಕೆ ಮೂರು ವರ್ಷವಾದರೂ ನುಸಿ ಬಿದ್ದದ್ದಿಲ್ಲ.

"ನೋಡ ಮಗಳ" ಎಂದು ನನ್ನ ಬೆನ್ನು ತಟ್ಟಿದ. "ಇರುವಿ ಹೋಗಂಗಿಲ್ಲ, ನೀರು ಹೋಗಂಗಿಲ್ಲ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹಿಂಗ ಇರ್ತೈತಿ."

ಹುಲಿಗೆವ್ವ ನನ್ನ ಸುತ್ತ ಒಂದು ಸುತ್ತು ಬಂದಳು. ತೂತು ಎಲ್ಲಿ ಎಂದು ಕೇಳಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಮುಚ್ಚಿಕೊಂಡಳು. "ಭಾರಿ ಆಗೈತಪ್ಪಾ" ಅಂದಳು. ಪ್ರೀತಿಗೆ ಆಡಿದ ಆ ಒಂದು ಸುಳ್ಳು ನನ್ನ ಕುತ್ತಿಗೆಗೆ ಬಂತು.

ಚಾಲೂ ಮಾಡಿದಳು. ನನ್ನ ನಾಲ್ಕು ಹುಟ್ಟೂ ಒಂದಾಗಿ ಪರದೆಯ ಮೇಲೆ ರಸ್ತೆ ಮೂಡಿತು, ಕಾರು ಗುಡುಗಿತು. ಮೈಲಾರಪ್ಪ ಸುತ್ತಿಗೆ ಕೆಳಗಿಟ್ಟು ಬೀಡಿ ಮರೆತು ನೋಡಿದ. ಇಪ್ಪತ್ತು ನಿಮಿಷ. ಒಳಗೆ ಫ್ಯಾನುಗಳು ನನ್ನದೇ ಬಿಸಿಯನ್ನು ನನಗೇ ಬೀಸುತ್ತಿದ್ದವು. ಮಿದುಳು ಕಾದು ಕುದಿಯಿತು. ಕಣ್ಣು ಕತ್ತಲಾಯಿತು. ಆರಿಹೋದೆ.

ತಣ್ಣಗಾದ ಮೇಲೆ ಎದ್ದೆ, ಮತ್ತೆ ಬಿದ್ದೆ. ಹೀಗೆ ನಾಲ್ಕು ದಿನ. ಪಂದ್ಯಕ್ಕೆ ಆರು ದಿನ ಉಳಿದಿತ್ತು. ಕಾರಣ ಎಲ್ಲಿದೆಯೆಂದು ಹುಲಿಗೆವ್ವನ ಒಳಮನಸ್ಸಿಗೆ ಗೊತ್ತಿತ್ತು. ಅಪ್ಪನಿಗೆ ಹೇಳಲಾರದೆ ಸಿಟ್ಟನ್ನು ಗೌಸಜ್ಜನ ಮೇಲೆ ಹಾಕಿದಳು.

"ಸತ್ತ ಕಾರ್ಡ್ ಕೊಟ್ಟು ಮೋಸ ಮಾಡಿದ್ಯಲ್ಲಜ್ಜ!"

ಮುದುಕ ಚಪ್ಪಲಿ ಮೆಟ್ಟಿ ಅವಳ ಹಿಂದೆಯೇ ಅಂಗಡಿಗೆ ಬಂದ. ಆಗ ತಾನೆ ಆರಿಹೋಗಿದ್ದ ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟವನು ಹೌಹಾರಿ ಹಿಂದೆ ಸರಿದ.

"ಏ ಮೈಲಾರಪ್ಪ, ಇದೇನ ಕಂಪ್ಯೂಟರೋ, ರೊಟ್ಟಿ ಹಂಚೋ? ಉಸುರ ಆಡಾಕ ಒಂದ ತೂತರೆ ಇಟ್ಟೀಯೇನಪಾ?"

"ತೂತು ಇರೂ ಡಬ್ಬಿ ನಮ್ಮನ್ಯಾಗ ಹುಟ್ಟಿಲ್ಲೋ ಗೌಸ್ಯಾ. ನಮ್ಮಪ್ಪನ ಕಾಲದಿಂದ ತೂತು ಮುಚ್ಚಾಕಂತ ಬಂದಾರ ನಮ್ಮ ಕಡೆ."

"ಮುಚ್ಚಿದ್ದಕ್ಕ ಸಾಯಾಕತ್ತೈತಲೋ ಅದು!"

ಮೈಲಾರಪ್ಪ ಮಗಳ ಕಡೆ ತಿರುಗಿದ. "ಹೌದೇನ?"

ಹುಲಿಗೆವ್ವ ಹೌದೆಂದು ತಲೆಯಾಡಿಸಿದಳು.

"ಮೊದ್ಲ ಗೊತ್ತಿತ್ತೇನ ನಿನಗ?"

"ನೀ ಅಷ್ಟು ಛಂದ ಮಾಡಿದ್ದೆಪಾ... ಹೆಂಗ ಹೇಳ್ಲಿ?"

ಅವನು ಎದ್ದು ಹೊರಗೆ ಹೋದ. ನಲವತ್ತು ವರ್ಷದ ಮಾನವನ್ನು ಕೆಳಗಿಳಿಸಿ ನೋಡುವುದು ಸಣ್ಣ ಕೆಲಸವೇ? ಕಚೇರಿಯಲ್ಲಿ ಏಳು ವರ್ಷ ಕೂತ ನಾನು, ತಪ್ಪಾಯಿತು ಎಂದ ಒಬ್ಬನನ್ನೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಟ್ಟದಿಂದ ಒಂದು ಗಂಟು ಇಳಿಸಿದ. ಬಿಚ್ಚಿದರೆ ಅವನಪ್ಪನ ಸಾಣಿಗೆ ಉಳಿಗಳು, ಹಿಟ್ಟಿನ ಜರಡಿಗೆ ತೂತು ಹೊಡೆಯುವಂಥವು. ಒಂದು ಕಾಲಕ್ಕೆ ಆ ಮನೆಯ ಸಾಣಿಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ಪ್ಲಾಸ್ಟಿಕ್ ಬಂದ ಮೇಲೆ ಕೇಳುವವರಿಲ್ಲದೆ ಉಳಿಗಳು ಗಂಟು ಸೇರಿದ್ದವು.

"ಕೂಸಿನ್ನ ಹೊರಗ ತಗೀ" ಅಂದ ಮಗಳಿಗೆ. "ತಗಡಿನ ಚೂರು ಒಳಗ ಬಿದ್ದೀತು."

ಅವಳು ನನ್ನ ಅಂಗಗಳನ್ನು ಒಂದೊಂದಾಗಿ ಕೌದಿಯ ಮೇಲೆ ಮಲಗಿಸಿದಳು. ಅವನು ಬರಿದಾದ ಡಬ್ಬಿಯನ್ನು ಮರದ ದಿಮ್ಮಿಯ ಮೇಲೆ ಒರಗಿಸಿ ಉಳಿ ಇಟ್ಟ. ಮೊದಲ ಏಟಿಗೆ ಕೈ ತಡೆಯಿತು. ಕಣ್ಣು ಮುಚ್ಚಿ ಹೊಡೆದ. ಆಮೇಲೆ ನಿಲ್ಲಲಿಲ್ಲ. ಠಕ್, ಠಕ್, ಠಕ್. ಮುಂದೆ ಗಾಳಿ ಬರುವ ಕಡೆ ಜೋಳದ ಸಾಣಿಗೆಯ ದೊಡ್ಡ ಕಣ್ಣು, ಹಿಂದೆ ಬಿಸಿ ಹೋಗುವ ಕಡೆ ರವೆಯ ಸಾಣಿಗೆಯ ಸಣ್ಣ ಕಣ್ಣು.

"ಅಪ್ಪಾ, ಉಲ್ಟಾ ಆತಲ್ಲ" ಎಂದಳು ಹುಲಿಗೆವ್ವ, ಈ ಸಲ ನುಂಗಿಕೊಳ್ಳದೆ. "ಧೂಳು ಬರೂದು ಮುಂದಿಂದ. ಸಣ್ಣ ಕಣ್ಣು ಅಲ್ಲಿ ಬೇಕು. ಬಿಸಿ ಹೊರಗ ಹೋಗಾಕ ದೊಡ್ಡ ಕಣ್ಣು."

ಅವನು ಸುತ್ತಿಗೆ ನಿಲ್ಲಿಸಿ ಮಗಳನ್ನು ನೋಡಿದ. ನಕ್ಕ. "ಹಂಗಾರ ಹಿಂದಿಂದ ಮುಂದ ಮಾಡೂನು. ಇದನ್ನ ಮೊದ್ಲ ಬೊಗಳಿದ್ರ ಬೆಂಡೋಲಿ ಇಲ್ಲದ ಕಿವಿ ಏನ ಹರಕೊಂಡ ಹೊಕ್ಕಿತ್ತು?"

ಬೆಂಡೋಲೆ ಮಾರಿದ್ದು ಅವನಿಗೆ ಗೊತ್ತಿತ್ತು.

ಆ ಸಂಜೆ ನಾನು ಮೂರು ತಾಸು ಓಡಿದೆ. ಒಮ್ಮೆಯೂ ಆರಲಿಲ್ಲ.

ಪಂದ್ಯದ ದಿನ ನನ್ನನ್ನು ಕೌದಿಯಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಅಪ್ಪ ತಳ್ಳಿದ, ಮಗಳು ಹಿಡಿದಳು. ಹಾಲಿನೊಳಗೆ ನನ್ನ ಕೌದಿ ಬಿಚ್ಚಿದ್ದೇ ತಡ, ಒಬ್ಬ ಕೂಗಿದ:

"ಏ, ಹಿಟ್ಟಿನ ಡಬ್ಬಿ ತಂದಾಳೋ! ಬೀಸಾಕ ಬಂದೀಯೇನ?"

"ಹೂಂನೋ" ಅಂದಳು ಹುಲಿಗೆವ್ವ ವೈರು ಜೋಡಿಸುತ್ತ. "ಮೊದ್ಲ ಯಾರನ್ನ ಹಾಕ್ಲಿ ಕಲ್ಲಿಗೆ?"

ಪ್ರವೀಣ್ ಸರ್ ಬಂದು ನನ್ನನ್ನು ನೋಡಿ ಹುಬ್ಬು ಏರಿಸಿದ. ಆದರೆ ಬರೆದುಕೊಂಡದ್ದು ಬರೆದುಕೊಂಡಾಗಿತ್ತು, ಮಷಿನ್ ಸ್ವಂತದ್ದು. ತಾನು ಒರೆಸುತ್ತಿದ್ದ ಅದೇ ನೆಲದ ಮೇಲೆ ಕುರ್ಚಿ ಎಳೆದುಕೊಂಡು ಹುಲಿಗೆವ್ವ ಕೂತಳು. ಗಾಜಿನ ಮೈಯ ಹದಿನೈದು ಮಷಿನ್ನುಗಳ ಸಾಲಿನಲ್ಲಿ ಹದಿನಾರನೆಯವನು ನಾನು. ಎಲ್ಲರ ಬಣ್ಣದ ದೀಪ ನನ್ನ ತೂತುಗಳ ಅಂಚಿನಲ್ಲಿ ಮಿಂಚುತ್ತಿತ್ತು.

ಗೆದ್ದಳೇ ಎಂದು ಕೇಳುತ್ತೀರಿ. ಕೊನೆಯ ಸುತ್ತಿಗೆ ಉಳಿದ ನಾಲ್ವರಲ್ಲಿ ಒಬ್ಬಳಾದಳು. ಕೊನೆಯ ಓಟದಲ್ಲಿ ನನ್ನ ಹಳೆಯ ಮಿದುಳಿಗೆ ಆ ವೇಗ ಹೊರಲಾಗದೆ ಚಿತ್ರ ಎರಡು ಕಡೆ ತಡವರಿಸಿತು. ಮೂರನೆಯವಳಾದಳು. ತಪ್ಪು ನನ್ನದು, ಅವಳ ಕೈಯದಲ್ಲ. ಆದರೆ ನಾನು ಆರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೈಲಾರಪ್ಪನಿಗೆ ರೇಸು ತಿಳಿಯುತ್ತಿರಲಿಲ್ಲ. ಅವನು ಇಡೀ ಹೊತ್ತು ನನ್ನ ತೂತುಗಳನ್ನೇ ನೋಡುತ್ತಿದ್ದ.

ಎಲ್ಲ ಮುಗಿದ ಮೇಲೆ ಪ್ರವೀಣ್ ಸರ್ ಬಂದು, "ನಾಳಿಂದ ಬಾ. ಕಸ ಹೊಡ್ಯಾಕಲ್ಲ, ಮಷಿನ್ ನೋಡ್ಕೊಳ್ಳಾಕ" ಅಂದ. ದೊಡ್ಡ ಮನಸ್ಸು ಮಾಡಿದವನ ದನಿ.

ಹುಲಿಗೆವ್ವ ಕೌದಿಯ ಗಂಟು ಬಿಗಿಯುತ್ತ ಹೇಳಿದಳು: "ಮಷಿನ್ ಕೆಟ್ರ ನಮ್ಮ ಅಂಗಡಿಗೆ ತಗೊಂಡ ಬರ್ರಿ ಸರ. ಹೊತ್ಕೊಂಡ."

ಇದಾಗಿ ಬಹಳ ವರ್ಷವಾಯಿತು. ತಗಡಿನ ಅಂಗಡಿಯ ಅರ್ಧ ಭಾಗ ಈಗ ಅವಳದು. ಬಡಾವಣೆಯವರು ಎಸೆದದ್ದನ್ನು ಗೌಸಜ್ಜನ ಗುಜರಿಯಿಂದ ತಂದು, ಓಣಿಯವರ ಕೈಗೆಟುಕುವ ಕಂಪ್ಯೂಟರ್ ಕಟ್ಟುತ್ತಾಳೆ. ನನ್ನ ಗ್ರಾಫಿಕ್ಸ್ ಕಾರ್ಡ್ ಎದುರು ಮನೆಯ ಹುಡುಗಿಯ ಮಷಿನ್ನಿಗೆ ಹೋಯಿತು. ಮಿದುಳು ಒಂದು ವಾಚನಾಲಯದಲ್ಲಿ ಪುಸ್ತಕ ಹುಡುಕಿ ಕೊಡುತ್ತದಂತೆ; ಅಲ್ಲಿ ಯಾರೂ "ನಾಳೆ ಬಾ" ಅನ್ನುವುದಿಲ್ಲವಂತೆ. ಹೊಸ ಗುಂಡಿಗೆ ಕೊನೆಗೆ ಸುಟ್ಟುಹೋಯಿತು. ಹುಲಿಗೆವ್ವನ ಕಿವಿಯಲ್ಲಿ ಈಗ ಬೇರೆ ಬೆಂಡೋಲೆ ಇದೆ.

ಉಳಿದದ್ದು ಈ ಮೈ. ನಾನು ಅಂಗಡಿಯ ಮೂಲೆಯಲ್ಲಿದ್ದೇನೆ. ತೂತು ಇರುವ ಡಬ್ಬಿಯಲ್ಲಿ ಜೋಳ ತುಂಬಲು ಬರುವುದಿಲ್ಲ. ನನ್ನೊಳಗೆ ಉಳ್ಳಾಗಡ್ಡಿ ಇದೆ. ಅದಕ್ಕೂ ಗಾಳಿ ಬೇಕು. ಯಾವುದಕ್ಕೆ ಬೇಡ? ಎಲ್ಲ ಕಡೆ ಬೆಸೆದು, ಯಾರೂ ಒಳಗೆ ಬರಬಾರದೆಂದು ಭದ್ರ ಮಾಡಿಕೊಂಡದ್ದೆಲ್ಲ ತನ್ನದೇ ಬಿಸಿಗೆ ತಾನೇ ಬೇಯುತ್ತದೆ. ಇದು ನಾನು ಓದಿ ಹೇಳುವ ಮಾತಲ್ಲ; ನಾಲ್ಕು ದಿನ ಸತ್ತು ಸತ್ತು ಕಲಿತದ್ದು.

ಕೆಲಸ ಕಲಿಯಲು ಯಾರಾದರೂ ಹೊಸಬರು ಬಂದಾಗ ಮೈಲಾರಪ್ಪ ಉಳ್ಳಾಗಡ್ಡಿಯನ್ನು ಚೀಲಕ್ಕೆ ಸುರಿದು, ನನ್ನನ್ನು ಎತ್ತಿ ಅವರ ಮುಂದೆ ಇಡುತ್ತಾನೆ. ಕಣ್ಣು ಮಂಜಾಗಿದೆ, ಬೆರಳಿನಿಂದ ನನ್ನ ತೂತುಗಳನ್ನು ಸಾಲಾಗಿ ಸವರುತ್ತಾನೆ. ಆಮೇಲೆ ಗೆಣ್ಣಿನಿಂದ ನನ್ನ ನೆತ್ತಿಗೆ ಎರಡು ಏಟು ಕುಟ್ಟಿ ಹೇಳುತ್ತಾನೆ:

"ನೋಡಿ ಕಲೀರಿ. ಮೊದ್ಲ ತೂತು, ಆಮ್ಯಾಲೆ ಬೆಸುಗಿ."