ಹಾಯಿಯಿಲ್ಲದ ದೋಣಿಯ ಗುಳಿ

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಚಂದುವಿಗೆ ಮೊಮ್ಮಗಳು ಹುಟ್ಟಿ ಎಂಟು ದಿನವಾಗಿತ್ತು. ಮಗಳು ಸ್ನೇಹಲತಾಳ ಚೊಚ್ಚಲ ಹೆರಿಗೆ; ಬಾಣಂತನ ತವರಿನಲ್ಲೇ. ಮಗುವಿನ ಬೆನ್ನ ಕೊನೆಯಲ್ಲಿ ಕಿರುಬೆರಳಿನಷ್ಟು ಮೆತ್ತನೆಯ ಬಾಲವಿತ್ತು. ಸ್ಕ್ಯಾನ್ ಮಾಡಿಸಿ ನೋಡಿದ ಡಾಕ್ಟರು, "ಹೊಟ್ಟೆಯೊಳಗೆ ಎಲ್ಲ ಮಕ್ಕಳಿಗೂ ಬಾಲ ಇರ್ತದೆ, ಆಮೇಲೆ ಕರಗ್ತದೆ. ಇದಕ್ಕೆ ಪೂರ್ತಿ ಕರಗಲಿಲ್ಲ. ನಮ್ಮ ಪೂರ್ವಜರ ಗುರುತು ಅಷ್ಟೆ. ಸುಲಭದಲ್ಲಿ ತೆಗೀಬಹುದು" ಎಂದಿದ್ದರು.

ಬೀಗಿತ್ತಿ ಬೆಳ್ಳಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು, "ನಮ್ ಬದಿಯಂಗೆ ಯಾರಿಗೂ ಬಾಲ ಇಲ್ಲೆ" ಎಂದು ಆಸ್ಪತ್ರೆಯಿಂದ ಹೋದವರು ಮತ್ತೆ ಬರಲಿಲ್ಲ. ಅಳಿಯ ಲೀಲಾಧರನಂತೂ ಮಗುವಿನ ಮುಖವನ್ನೇ ನೋಡಿರಲಿಲ್ಲ. ಹನ್ನೊಂದನೆಯ ದಿನ ಹೆಸರಿಡಬೇಕು. ಅಪ್ಪನೇ ಬಾರದಿದ್ದರೆ ಊರು ತಾನೇ ಒಂದು ಹೆಸರಿಟ್ಟುಬಿಡುತ್ತದೆ, ಅದು ಸಾಯುವವರೆಗೂ ಬಿಡುವುದಿಲ್ಲ ಎಂದು ಚಂದುವಿಗೆ ಗೊತ್ತಿತ್ತು.

ಆ ಎಂಟನೆಯ ದಿನವೇ ಲೀಲಾಧರ ಬಂದ. ಮನೆಗಲ್ಲ, ಹೊಳೆ ಬದಿಯ ದೋಣಿ ಚಪ್ಪರಕ್ಕೆ.

"ಮಾವ, ಹೆಸ್ರಿಡುಕೆ ಹೋಪುದ್ ಬ್ಯಾಡ ಅಂಬ್ರ್ ಅಮ್ಮ."

ಚಂದು ಹೊಸ ದೋಣಿಯ ತಳದ ಮರಕ್ಕೆ ಉಳಿ ಬಡಿಯುತ್ತಿದ್ದ. ಲೀಲಾಧರ ಬಗ್ಗಿ ನೋಡಿದ.

"ಈ ಗುಳಿ ಎಂತಕೆ?"

"ಹಾಯಿಮರ ನಿಲ್ಸುಕೆ."

"ಹ್ವಾಯ್ ಮಾವ, ಇಂಜಿನ್ ದೋಣಿಗೆ ಹಾಯಿ ಯಾರ್ ಕಟ್ತ್ರ್?"

ಚಂದುವಿನ ಕೈ ನಿಂತಿತು. ಹೌದಲ್ಲ! ಹಾಯಿ ಕೇಳಿದವರಿಲ್ಲದೆ ಇಪ್ಪತ್ತು ವರ್ಷವಾಯಿತು. ಅಪ್ಪ ಕಲಿಸಿದ ಅಳತೆಯಲ್ಲಿ ಗುಳಿ ಇತ್ತು, ಕೈ ತೋಡುತ್ತಲೇ ಬಂತು. ವರ್ಷದಿಂದ ವರ್ಷಕ್ಕೆ ಅದು ಕಿರಿದಾಗಿದ್ದೂ ಅವನಿಗೆ ಈಗಲೇ ಕಂಡದ್ದು. ಇನ್ನು ಅದರಲ್ಲಿ ಮರ ನಿಲ್ಲದು; ಹೆಬ್ಬೆರಳು ಇಳಿದೀತು, ಅಷ್ಟೆ. ಡಾಕ್ಟರು ಹೇಳಿದ್ದು ಆಗ ಅರ್ಥವಾಯಿತು.

"ಈ ಗುಳಿ ಇದ್ರೆ ದೋಣಿ ಮುಳ್ಗತ್ತಾ?" ಚಂದು ಕೇಳಿದ.

"ಇಲ್ಲೆ."

"ಮಗಿನ್ ಬಾಲೂ ಅಷ್ಟೇ ಮಾರಾಯಾ. ಹಳೇ ಕೆಲ್ಸ, ಪೂರಾ ಬಿಟ್ಟ್ ಹೋಯ್ಲಿಲ್ಲೆ. ನಿಂಗೂ ಇತ್ತ್ ಅದ್ರ ಬುಡ. ಬೆನ್ನಿನ್ ಕಡಿಗೆ ಒತ್ತಿ ಕಾಣ್."

ಲೀಲಾಧರ ಆಚೀಚೆ ನೋಡಿ ಕೈಯನ್ನು ಹಿಂದಕ್ಕೆ ಒಯ್ದ. ಒತ್ತಿದ. ಎಲುಬು ಸಿಕ್ಕಿತು. ಮುಖ ಸಪ್ಪಗಾಯಿತು.

"ಅಮ್ಮಂಗೂ ಇತ್ತಾ ಮಾವ?"

"ಇತ್ತ್. ನೀ ಹೇಳುಕೆ ಹೋಯ್ಬೇಡ, ರಾತ್ರಿಗ್ ಊಟ ಸಿಕ್ಕುದಿಲ್ಲೆ."

ಲೀಲಾಧರನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

"ಮಗು ಯಾರ್ ಹಾಂಗಿತ್ತ್?"

"ಮೂಗ್ ನಿನ್ ಅಮ್ಮಂದೇ. ಅದನ್ನ್ ತೆಗೂಕೆ ಯಾವ ಡಾಕ್ಟ್ರಿಗೂ ಆಪ್ದಿಲ್ಲೆ. ಹೋಗ್, ಕಾಣ್."

ಲೀಲಾಧರ ಚಪ್ಪರದಿಂದ ನಡೆದುಹೋಗಿ, ಚಪ್ಪಲಿ ಕಳಚಿ ಮಾವನ ಮನೆಯ ಮೆಟ್ಟಿಲು ಹತ್ತಿದ.