ಟ್ರಿಕ್ ಫೋಟೋದ ಕೈ

ಎಂಬತ್ತರ ಆಸುಪಾಸಿನಲ್ಲಿ ಮುಳಬಾಗಿಲು ಪೇಟೆಯವರಿಗೆ ‘ಟ್ರಿಕ್’ ಅನ್ನುವ ಇಂಗ್ಲಿಷ್ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೋದಂಡರಾಮಪ್ಪನ ಸ್ಟುಡಿಯೋಗೆ ಬಂದ ಪಡ್ಡೆ ಹುಡುಗರು ತಮ್ಮ ಅಂಗೈ ಮೇಲೆ ತಾವೇ ನಿಂತ ಫೋಟೋ ತೆಗೆಸಿಕೊಂಡರೆ ಅದು ಟ್ರಿಕ್, ಬರೀ ತಮಾಷೆ. ಜಮೀನಿನ ಜಗಳದಲ್ಲಿ ಎದುರಾಳಿ ಫೋಟೋ ತಂದು ತೋರಿಸಿದರೆ ಅದೂ ಟ್ರಿಕ್, ಶುದ್ಧ ಮೋಸ. ಇನ್ನೊಂದಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸು ಯಾರದೋ ಮದುವೆಯ ಗುಂಪು ಫೋಟೋ ತಂದು, ಹೆಸರುಕಾಳಿನಷ್ಟು ಕಾಣುವ ಮುಖದ ಮೇಲೆ ಬೆರಳಿಟ್ಟು, ಟ್ರಿಕ್ ಮಾಡಿ ದೊಡ್ಡದು ಮಾಡಿಕೊಡಣ್ಣ ಎಂದು ಬೇಡುತ್ತಿದ್ದಳು. ಅದನ್ನು ತಮಾಷೆಯ ಲೆಕ್ಕಕ್ಕೆ ಹಾಕಬೇಕೋ ಮೋಸದ ಲೆಕ್ಕಕ್ಕೋ, ಕೋದಂಡರಾಮಪ್ಪನ ಹೆಂಡತಿ ಶಾಮಲಮ್ಮನಿಗೆ ಕೊನೆಗೂ ತಿಳಿಯಲಿಲ್ಲ.

ಸತ್ತವನ ಮುಖವನ್ನು ಹಿಗ್ಗಿಸಿ, ಕರೀ ಕೋಟು ತೊಟ್ಟು ಕುರ್ಚಿಯಲ್ಲಿ ಕೂತ ಒಂದು ಮೈಗೆ ಅಂಟಿಸಿ, ಕತ್ತಿನ ಗೆರೆ ಕಾಣದ ಹಾಗೆ ಕುಂಚದಲ್ಲಿ ತಿದ್ದಿ ಕೋದಂಡರಾಮಪ್ಪ ಕಟ್ಟು ಹಾಕಿಸಿ ಕೊಡುತ್ತಿದ್ದ. ಜನ ಮುಖ ನೋಡಿ ಅತ್ತರೇ ಹೊರತು ಮೈ ಯಾರದೆಂದು ಕೇಳಿದವರಿಲ್ಲ. ಅಳುವವರು ಕೋಟಿನ ಗುಂಡಿ ನೋಡುತ್ತಾರೆಯೇ?

ಕೋದಂಡರಾಮಪ್ಪನದು ಒಂದು ವಿಚಿತ್ರವಿತ್ತು. ವರ್ಷವೆಲ್ಲ ಚೆನ್ನಾಗಿ ಉಣ್ಣುವವನು ಮಹಾಲಯ ಅಮಾವಾಸ್ಯೆಯ ದಿನ ಮಾತ್ರ ಹೊಟ್ಟೆ ತುಂಬಿದೆ ಎಂದು ತಟ್ಟೆ ತಳ್ಳಿಬಿಡುತ್ತಿದ್ದ. ವರ್ಷದಿಂದ ವರ್ಷಕ್ಕೆ ಸೊರಗುತ್ತಲೂ ಇದ್ದ. ಗ್ಯಾಸು ಎಂದು ಶಾಮಲಮ್ಮ ಓಮದ ನೀರು ಕುಡಿಸಿದ್ದೇ ಕುಡಿಸಿದ್ದು.

ಒಂದು ವರ್ಷ ಆ ಅಮಾವಾಸ್ಯೆಗೆ ಅವಳು ದೇವರಾಯಸಮುದ್ರಕ್ಕೆ, ದೊಡ್ಡಮ್ಮನ ಮಗಳು ಚಿಕ್ಕಗಂಗಮ್ಮನ ಮನೆಗೆ ಹೋದಳು. ಅಕ್ಕನ ಗಂಡ ಮುನಿಯಲ್ಲಪ್ಪ ಕೆರೆಯಲ್ಲಿ ಮುಳುಗಿ ಸತ್ತಿದ್ದ. ಗೋಡೆಯ ಮೇಲೆ ಕೋದಂಡರಾಮಪ್ಪ ಮಾಡಿಕೊಟ್ಟ ಅವನ ಕೋಟಿನ ಫೋಟೋ, ಕೆಳಗೆ ಬಾಳೆಲೆ, ಎಲೆಯಲ್ಲಿ ಮುದ್ದೆ, ಕೋಳಿ ಸಾರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದರು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆದರೆ ಮುದ್ದೆಯ ಅಂಚು ಮುರಿದಿತ್ತು.

“ಪ್ರತಿ ವರ್ಸ ಹಿಂಗೇ ಮುಟ್ತಾರೆ ಕಣೇ,” ಎಂದು ಚಿಕ್ಕಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಶಾಮಲಮ್ಮ ಬಗ್ಗಿ ನೋಡಿದಳು. ಮುದ್ದೆಯ ಮೇಲೆ ಮೂರೇ ಬೆರಳಿನ ಗುರುತು, ಎದುರಿಗೆ ಹೆಬ್ಬೆಟ್ಟು. ಕಿರುಬೆರಳು ಸೋಕಿರಲಿಲ್ಲ. ಹಾಗೆ ಮುರಿದ ಮುದ್ದೆಯನ್ನು ಅವಳು ಮದುವೆಯಾದಂದಿನಿಂದ ತನ್ನ ಮನೆಯ ತಟ್ಟೆಯಲ್ಲಿ ನೋಡುತ್ತಿದ್ದಳು. ತಲೆಯೆತ್ತಿದರೆ ಫೋಟೋದಲ್ಲಿ ಕುರ್ಚಿಯ ಕೈ ಹಿಡಿದ ಬಲಗೈ, ಕೊಕ್ಕೆಯಂತೆ ಮೇಲೆದ್ದ ಕಿರುಬೆರಳು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದ ಕೋದಂಡರಾಮಪ್ಪನ ಬೆರಳು. ಅಕ್ಕನಿಗೆ ಏನೂ ಹೇಳದೆ ಬಸ್ಸು ಹತ್ತಿದಳು.

ಮನೆಯಲ್ಲಿ ಮುಚ್ಚಿಟ್ಟ ಅನ್ನ ಹಾಗೇ ಇತ್ತು. ಗಂಡ ಗೋಡೆಗೊರಗಿ ಕೂತಿದ್ದ. ಅವನ ಬಲಗೈ ಹಿಡಿದು ಮೂಗಿಗೆ ತಂದುಕೊಂಡಳು. ಕೋಳಿ ಸಾರಿನ ವಾಸನೆ, ಅದರ ಹಿಂದೆ ಸಾಂಬ್ರಾಣಿ. ಗಂಡನ ಕಡೆಯ ಹಿರಿಯರ ಎಡೆ ಹೋಳೂರಿನ ಭಾವನ ಮನೆಯಲ್ಲಿ ಇಡುತ್ತಿದ್ದರು. ಈ ಮನೆಯಲ್ಲಿ ಅವತ್ತು ಕೋಳಿ ಬೆಂದಿರಲೇ ಇಲ್ಲ.

ಕೇಳಿದ್ದಕ್ಕೆ ಅವನು ಮುಚ್ಚಿಡಲಿಲ್ಲ. ಆ ಮೈ ತನ್ನದೇ. ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಎಷ್ಟೋ ಮನೆಯ ಗೋಡೆಯ ಮೇಲೆ ತಾನೇ ಕೂತಿದ್ದೇನೆ ಎಂದ. ಬದುಕಿರುವವನಿಗೆ ಎಡೆಯಿಟ್ಟರೆ ಆಯುಸ್ಸು ಉಳಿಯುತ್ತದೆಯೇ, ಎಲ್ಲವನ್ನೂ ಇಳಿಸಿಕೊಂಡು ಬಾ ಎಂದು ಶಾಮಲಮ್ಮ ಅತ್ತಳು.

“ಇಳಿಸಿದ್ರೆ ಅವ್ರೆಲ್ಲಾ ಎಲ್ ಕೂತ್ಕೊಂಡು ಉಣ್ತಾರೆ ಕಣೇ?” ಎಂದ ಅವನು.

ಹಾಗಾದರೆ ನಿನ್ನ ಮುಖದ್ದೇ ಒಂದು ಫೋಟೋ ತೆಗೆಸಿಕೋ, ಅದಾದರೂ ನಿನ್ನನ್ನು ಈ ಕಡೆ ಹಿಡಿದುಕೊಂಡಿರಲಿ ಎಂದು ಗೋಗರೆದಳು. ನಾಳೆ ಎಂದ. ಊರಿಗೆಲ್ಲ ಫೋಟೋ ತೆಗೆದವನ ನಾಳೆ ಬರಲೇ ಇಲ್ಲ. ಯುಗಾದಿಗೆ ಮುಂಚೆಯೇ ಕೋದಂಡರಾಮಪ್ಪ ಹೋಗಿಬಿಟ್ಟ. ಸ್ಟುಡಿಯೋ ಪೂರ್ತಿ ಹುಡುಕಿದರೂ ಸಿಕ್ಕಿದ್ದು ಕತ್ತಿನವರೆಗೆ ಕತ್ತರಿಸಿದ ಕೋಟಿನ ಚಿತ್ರಗಳೇ. ಮುಖ ಒಂದರಲ್ಲೂ ಇರಲಿಲ್ಲ.

ಮತ್ತೆ ಅಮಾವಾಸ್ಯೆ ಬಂತು. ಯಾವ ಫೋಟೋ ಇಳಿಸಿಕೊಂಡು ಬಾ ಎಂದು ಅತ್ತಿದ್ದಳೋ, ಅಕ್ಕನ ಮನೆಯಲ್ಲಿ ಅದರ ಮುಂದೆಯೇ ಶಾಮಲಮ್ಮ ಬುತ್ತಿ ಹಿಡಿದು ನಿಂತಳು. ಆ ಕೈ ಯಾರದೆಂದು ಅಕ್ಕನಿಗೆ ಹೇಳಿದಳು. ಬೈಯುತ್ತಾಳೆ, ಮೋಸ ಅನ್ನುತ್ತಾಳೆ ಎಂದು ಹೆದರಿದ್ದಳು. ಚಿಕ್ಕಗಂಗಮ್ಮ ಫೋಟೋದ ಕೈಯನ್ನು ನೋಡಿದಳು. ಆಮೇಲೆ ಎದ್ದು ಗಂಡನ ಎಲೆಯ ಪಕ್ಕಕ್ಕೆ ಕೋದಂಡರಾಮಪ್ಪನಿಗೆಂದು ಇನ್ನೊಂದು ಎಲೆ ಹಾಸಿದಳು.

ಬಾಗಿಲು ಮುಚ್ಚಿ ಇಬ್ಬರೂ ಜಗಲಿಯಲ್ಲಿ ಕೂತರು. ತೆಗೆದಾಗ ಎರಡೂ ಮುದ್ದೆ ಮುರಿದಿದ್ದವು. ಶಾಮಲಮ್ಮನ ಎಲೆಯಲ್ಲಿ ಅದೇ ಮೂರು ಬೆರಳು. ಅವಳು ಆ ಗುರುತಿನ ಮೇಲೆ ಕೈಯಿಟ್ಟು ಬಿಕ್ಕಿದಳು. ಪಕ್ಕದ ಮುನಿಯಲ್ಲಪ್ಪನ ಎಲೆಯಲ್ಲಿ ನಾಲ್ಕು ಬೆರಳೂ ನೆಟ್ಟಗೆ ಊರಿದ್ದವು, ಮುದ್ದೆ ಅರ್ಧಕ್ಕರ್ಧ ಖಾಲಿಯಾಗಿತ್ತು, ಸಾರು ಒಂದು ತೊಟ್ಟೂ ಉಳಿದಿರಲಿಲ್ಲ.

ಚಿಕ್ಕಗಂಗಮ್ಮ ಸಾರು ಬತ್ತಿದ ಆ ಎಲೆಯನ್ನು ಬೆರಳಿನಿಂದ ಸವರಿದಳು.

“ಇಷ್ಟ್ ವರ್ಸ ನಮ್ಮೋರು ಹಸ್ಕೊಂಡೇ ಇದ್ರೇನೇ, ಶಾಮಲಾ?”