ಒಂದು ಹೆಸರು, ಎರಡು ಪಾಳಿ

ಸ್ಮಶಾನದ ಗುಮಾಸ್ತ ಕುಂಚ ಅದ್ದಿ ಹಲಗೆಯ ಮೇಲೆ ಅಕ್ಕನ ಹೆಸರು ಬರೆಯುತ್ತಿದ್ದ. ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಪೆಟ್ಟಿಗೆಯಲ್ಲಿ ಮಲಗಿದ್ದವಳು ತಂಗಿ.

“ಸುಮ್ನಿದ್ಬಿಡಿ ಅಕ್ಕ,” ಎಂದು ತಂಗಿಯ ಗಂಡ ಪಿಸುಗುಟ್ಟಿದ. ಗೋಡೆಗೆ ಬಣ್ಣ ಬಳಿಯುವವನು. ಉಗುರಿನ ಸಂದಿಯ ಬಣ್ಣ ಇವತ್ತೂ ಹೋಗಿರಲಿಲ್ಲ. “ಬಾಯಿ ಬಿಟ್ರೆ ನನ್ನನ್ನ ಗಡಿ ದಾಟಿಸ್ತಾರೆ. ನಿಮ್ಮನ್ನೂ ಬಿಡಲ್ಲ.”

“ನಾನು ಸತ್ತಾಯ್ತಲ್ಲಪ್ಪ. ಇನ್ನೇನು ಬಿಡೋದು?”

ಲಾಂಡ್ರಿಯ ಎರಡನೇ ಪಾಳಿಯ ಹೆಂಗಸರು ಗುಂಪಾಗಿ ಬಂದಿದ್ದರು. ಅಕ್ಕನ ಹೆಸರು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಯಾರದೋ ಹೆಸರಿನಲ್ಲಿ ದುಡಿಯುವವರೇ. ಬೆಳಗಿನ ಪಾಳಿಯವರಿಗೆ ಮೇಸ್ತ್ರಿ ಸುದ್ದಿ ಹೇಳಿರಲಿಲ್ಲ. ಹೇಳಿದ್ದರೆ ತನಗಾಗಿ ಯಾರು ಬರುತ್ತಿದ್ದರು ಎಂದು ಅಕ್ಕ ಒಬ್ಬೊಬ್ಬರನ್ನೇ ನೆನೆದು ನೋಡಿದಳು. ಯಾರೂ ಬರುತ್ತಿರಲಿಲ್ಲ.

*

ತಂಗಿ ಗಡಿ ದಾಟಿ ಬಂದಿದ್ದು ತರಕಾರಿ ಲಾರಿಯಲ್ಲಿ, ಮೂಟೆಗಳ ನಡುವೆ ಕೂತು. ಆಶ್ರಯ ಕೇಳಿ ಹಾಕಿದ ಅರ್ಜಿ ತಿರಸ್ಕಾರವಾಯಿತು. ಅಕ್ಕನ ಹತ್ತಿರ ಇಲ್ಲಿದ್ದು ದುಡಿಯಲು ಸರ್ಕಾರ ಕೊಟ್ಟ ಕಾರ್ಡಿತ್ತು. ಬೆಳಿಗ್ಗೆ ಅಕ್ಕ, ಮಧ್ಯಾಹ್ನದ ಮೇಲೆ ತಂಗಿ. ಗೇಟಿನಲ್ಲಿ ಕಾರ್ಡು ಕೈ ಬದಲಾಯಿಸುತ್ತಿತ್ತು. ಮುಖ ಒಂದೇ ಅಚ್ಚು; ಮೇಸ್ತ್ರಿ ಕಣ್ಣಿದ್ದೂ ಕುರುಡ.

ಒಂದು ವರ್ಷ ಮಾಲೀಕರು ಒಳ್ಳೆಯ ಕೆಲಸಗಾರ್ತಿ ಎಂದು ಅಕ್ಕನ ಹೆಸರು ಕೂಗಿ ಕಂಬಳಿ ಕೊಟ್ಟರು. ಕೂಗಿದ್ದು ಎರಡನೇ ಪಾಳಿಯಲ್ಲಿ.

“ನಿನ್ನ ಹೆಸರಿಗೇ ಬಂದಿದ್ದು ಅಕ್ಕಾ, ಹೊದ್ಕೋ,” ಎಂದು ತಂಗಿ ನಕ್ಕಿದ್ದಳು.

“ನನಗೆ ಸೆಕೆ,” ಎಂದಿದ್ದಳು ಅಕ್ಕ. ಹೊರಗೆ ಹಲ್ಲು ಕಟಕಟ ಎನ್ನುವ ಚಳಿ. ಅಷ್ಟು ಹೊಟ್ಟೆಕಿಚ್ಚು ಅವಳಿಗೆ.

ಆದರೂ ತಂಗಿಗೆ ಉಸಿರು ಕಟ್ಟಿದಾಗ ಆಸ್ಪತ್ರೆಯ ಕಿಟಕಿಯೊಳಗೆ ತನ್ನ ಕಾರ್ಡು ತೂರಿಸಿದವಳು ಅಕ್ಕನೇ. ಕಾರ್ಡಿಲ್ಲದವರನ್ನು ಅಲ್ಲಿ ಹಾಸಿಗೆ ಕೊಡುವ ಮೊದಲೇ ಅಧಿಕಾರಿಗಳಿಗೆ ಒಪ್ಪಿಸುತ್ತಿದ್ದರು. ಮೂರನೆಯ ದಿನ ತಂಗಿ ಹೋದಳು. ಆಸ್ಪತ್ರೆಯವರು ಅಕ್ಕ ಸತ್ತಳೆಂದು ಬರೆದುಕೊಟ್ಟರು.

*

“ನೀವು ಅವಳ ಅಕ್ಕ ಅಲ್ವಾ?” ಇಸ್ತ್ರಿಯ ಹೆಂಗಸು ಕಣ್ಣೊರೆಸಿಕೊಂಡು ಬಂದಳು. “ನಿಮ್ಮ ವಿಷಯ ತುಂಬ ಹೇಳ್ತಿದ್ಲು. ಅವಳಿದ್ರೆ ಪಾಳಿ ಮುಗಿದಿದ್ದೇ ಗೊತ್ತಾಗ್ತಿರಲಿಲ್ಲ.” ಹಲಗೆಯತ್ತ ನೋಡಿದಳು. “ಎಂಥ ಹೆಸರು ನೋಡಿ. ಅವಳಿಗೇ ಹೇಳಿ ಮಾಡಿಸಿದ ಹಾಗಿತ್ತು.”

ಅಕ್ಕನ ಮೈ ಉರಿದುಹೋಯಿತು.

“ಅದು ನನ್ನ ಹೆಸರು,” ಎಂದಳು.

ಅಳು ನಿಂತಿತು. ತಂಗಿಯ ಗಂಡ ಅವಳ ತೋಳು ಹಿಡಿದ. ಅವಳು ಕೊಸರಿಕೊಂಡಳು.

“ಅಳಿಸ್ರೀ ಅದನ್ನ. ಇಷ್ಟು ವರ್ಷ ಕೊಟ್ಟಿದ್ದು ಸಾಕು. ಇವಳಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ, ಅದನ್ನ ಬರೀರಿ.” ತಂಗಿಯ ಹೆಸರು ಹೇಳಿದಳು. ಆ ಊರಿನಲ್ಲಿ ಅದನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಗುಮಾಸ್ತ ಕುಂಚ ಕೆಳಗಿಟ್ಟ. “ಹಂಗಾದ್ರೆ ನಾನು ಮೇಲಿನವರಿಗೆ ತಿಳಿಸಬೇಕು ತಾಯಿ. ಅವರು ಬರೋತನಕ ಹೂಳೋ ಹಾಗಿಲ್ಲ. ಬೇಡ ಅನ್ನೋದಾದ್ರೆ ಈಗ್ಲೇ ಹೇಳಿ.”

ಅಕ್ಕ ತಂಗಿಯ ಹೆಸರನ್ನು ಮತ್ತೊಮ್ಮೆ ಹೇಳಿದಳು. ಅವನು ಫೋನು ಮಾಡಲು ಕೋಣೆಗೆ ಹೋದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೆರಗು ಬಿಗಿದುಕೊಂಡು ಮೆಲ್ಲಗೆ ಜಾರಿದರು. ಇಸ್ತ್ರಿಯವಳು ಗೇಟಿನವರೆಗೆ ನಡೆದು, ಆಮೇಲೆ ಓಡಿದಳು. ತಂಗಿಯ ಗಂಡ ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತ.

“ಮಣ್ಣು ಹಾಕೋಕೂ ಬಿಡಲಿಲ್ವಲ್ಲ ನೀವು,” ಎಂದ. ಹಿಂದಿನ ಗೋಡೆ ಹಾರಿ ಹೋದ.

ತಂಗಿ ಅಕ್ಕನೊಬ್ಬಳಿಗೇ ಉಳಿದಳು. ಅಗೆದಿಟ್ಟ ಗುಂಡಿಯ ಅಂಚಿನಲ್ಲಿ ಅಕ್ಕ ಕುಕ್ಕರಿಸಿದಳು. ಮರದ ನೆರಳು ಸರಿದು ಬಿಸಿಲು ಪೆಟ್ಟಿಗೆಯ ಮೇಲೆ ಬಿತ್ತು. ಅದನ್ನು ನೆರಳಿಗೆ ಎಳೆಯಲು ನೋಡಿದಳು, ಒಬ್ಬಳಿಗೆ ಅಲುಗಲಿಲ್ಲ. ಎದ್ದು ಬಿಸಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ನೆರಳು ತಂಗಿಯ ಮುಖವಿದ್ದ ಕಡೆಗಷ್ಟೇ ಸಾಲುತ್ತಿತ್ತು. ಗೇಟಿನ ಹೊರಗೆ ಜೀಪು ಬಂದು ನಿಂತ ಸದ್ದಾಯಿತು, ಅವಳು ಕದಲಲಿಲ್ಲ.